ಹಳ್ಳಿಯ ಹೆಣ್ಣುಮಕ್ಕಳಿಗೊಂದು ನೆಲೆ



ಸಂಜೆಯ ಹೊತ್ತಿನಲ್ಲಿ ಈ ಭಾಗದ ಯಾವ ಹಳ್ಳಿಯನ್ನು ಹೊಕ್ಕರೂ ಮೊದಲು ಕಣ್ಣಿಗೆ ಬೀಳುವದು ಗಂಡಸರ ಊರು. ಅಗಸಿಯ ಕಟ್ಟೆಯ ಮೇಲೆ ಮುದುಕರು, ಹನುಮಂತದೇವರ ಗುಡಿಯ ಪೌಳಿಯಲ್ಲಿ ಭಜನೆಯವರು, ಗರಡಿಮನೆಯಲ್ಲಿ ಹುಡುಗರು, ಚಹದಂಗಡಿಯ ಮುಂದೆ ಕೆಲಸವಿದ್ದವರೂ ಇಲ್ಲದವರೂ ಕುಳಿತಿರುವರು. ಗಂಡಾಗಿ ಹುಟ್ಟಿದವನಿಗೆ ವಯಸ್ಸಿಗೆ ತಕ್ಕಂತೆ ಊರಿನಲ್ಲಿ ಒಂದಿಲ್ಲೊಂದು ಕೂಡ್ರುವ ತಾವು ಉಂಟು. ಹೆಣ್ಣುಮಗಳು ಬೀದಿಯಲ್ಲಿ ಕಾಣುವದೇ ಇಲ್ಲವೆಂದಲ್ಲ. ಆದರೆ ಆಕೆ ಟೊಂಕದ ಮೇಲೆ ಕೊಡವನ್ನೋ ತಲೆಯ ಮೇಲೆ ಮೇವಿನ ಹೊರೆಯನ್ನೋ ಹೊತ್ತು ಸಾಗುತ್ತಿರುವಳು. ನಿಂತಳಾದರೆ, ಯಾಕೆ ನಿಂತಳೆಂಬ ಮಾತು ಅವಳಿಗಿಂತ ಮೊದಲೇ ಮನೆಯನ್ನು ಮುಟ್ಟಿರುವದು.

ಹಿಂದಿನ ಕಾಲದಲ್ಲಿ ಹೆಣ್ಣುಮಕ್ಕಳಿಗೆ ತಮ್ಮದೆಂಬ ತಾವು ಒಂದೂ ಇರಲಿಲ್ಲವೆಂದು ಹೇಳುವದು ಮಾತ್ರ ಸರಿಯಾಗಲಾರದು. ಅವು ಇದ್ದವು, ಆದರೆ ದುಡಿಮೆಯ ಮರೆಯಲ್ಲಿ ಇದ್ದವು. ನಸುಕಿನಲ್ಲಿ ಇಬ್ಬರು ಎದುರುಬದುರಾಗಿ ಕುಳಿತು ಬೀಸುವ ಕಲ್ಲಿನ ಮೂಲೆ, ನೀರಿಗೆ ಹೋದಾಗ ಬಾವಿಯ ಕಟ್ಟೆ, ಅರಿವೆ ಒಗೆಯುವ ಹಳ್ಳದ ಬಂಡೆ, ಇವೇ ಅವರ ಚಾವಡಿಗಳು. ಹಲಸಂಗಿಯ ಗೆಳೆಯರು ಕೂಡಿಸಿ 1931ರಲ್ಲಿ ಪ್ರಕಟಿಸಿದ ‘ಗರತಿಯ ಹಾಡು’ ಎಂಬ ಸಂಗ್ರಹದ ಪದಗಳಲ್ಲಿ ಎಷ್ಟೋ ಅಂಥ ಬೀಸುವ ಕಲ್ಲಿನ ಮುಂದೆ ಹುಟ್ಟಿದವುಗಳೇ. ಹಿಟ್ಟಿನ ಗಿರಣಿ ಬಂದಿತು, ನಳದ ನೀರು ಬಂದಿತು. ರಟ್ಟೆಯ ನೋವು ಹೋಯಿತು. ಅದಕ್ಕಾಗಿ ಅಳುವವರು ಯಾರೂ ಇರಲಾರರು. ಬೀಸುವ ಕಲ್ಲನ್ನು ಹೊಗಳುವವರು ಅದನ್ನು ಬೀಸಿದವರಲ್ಲ. ಆದರೆ ಆ ನೋವಿನೊಡನೆ, ಅದರ ನೆವದಿಂದ ಇಬ್ಬರು ಕೂಡಿ ಒಬ್ಬರಿಗೊಬ್ಬರು ಮನಸ್ಸು ಬಿಚ್ಚಿ ಹೇಳಿಕೊಳ್ಳುವ ಹೊತ್ತೂ ಹೋಯಿತೆಂಬದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಆಷಾಢದ ಮಂಗಳವಾರಗಳಲ್ಲಿ ಹುಡುಗಿಯರು ಮಣ್ಣಿನ ಗುಳ್ಳವ್ವನನ್ನು ಮಾಡಿ, ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಕೂಡಿ ಉಣ್ಣುವರು. ಪಂಚಮಿಗೆ ಜೋಕಾಲಿ ಕಟ್ಟುವರು. ಆ ದಿನಗಳಲ್ಲಿ ಅವರು ಎಲ್ಲಿ ಹೋದರು, ಯಾಕೆ ನಕ್ಕರು ಎಂದು ಕೇಳುವವರಿಲ್ಲ. ಅಂದರೆ ಹೆಣ್ಣುಮಕ್ಕಳಿಗೆ ಹೀಗೊಂದು ಬಿಡುವೂ ಒಂದು ತಾವೂ ಬೇಕೆಂಬದು ಹಿರಿಯರಿಗೆ ಗೊತ್ತಿಲ್ಲದ ಸಂಗತಿಯಾಗಿರಲಿಲ್ಲ. ವರ್ಷದಲ್ಲಿ ಬೆರಳೆಣಿಕೆಯ ದಿನಗಳಿಗೆ ಅದನ್ನು ಒಪ್ಪಿಕೊಂಡು, ಉಳಿದ ದಿನಗಳನ್ನು ಮರೆತರು, ಅಷ್ಟೇ.

ಈ ಮರೆವಿನ ಪರಿಣಾಮವು ಹನ್ನೆರಡು ಹದಿಮೂರರ ವಯಸ್ಸಿನಲ್ಲಿ ಕಾಣತೊಡಗುವದು. ಅಲ್ಲಿಯ ವರೆಗೆ ಅಂಗಳದಲ್ಲಿ ಕುಂಟಲಿಪಿ ಆಡುತ್ತಿದ್ದ ಕೂಸು ಮೈನೆರೆದ ಮರುದಿನದಿಂದ ಮನೆಯ ಸಾಮಾನಾಗುವಳು. ಸಾಲೆ ಬೇರೆ ಊರಲ್ಲಿದ್ದರೆ ದಾರಿ ಸರಿಯಿಲ್ಲ. ದಾರಿ ಸರಿಯಿದ್ದರೆ ಕಾಲ ಸರಿಯಿಲ್ಲ. ಕಾಯಿದೆಗಳಿಗೆ ಕೊರತೆಯಿಲ್ಲ. 1929ರಲ್ಲಿ ಪಾಸಾಗಿ 1930ರ ಎಪ್ರಿಲ್ ಒಂದರಿಂದ ಜಾರಿಗೆ ಬಂದ ಶಾರದಾ ಕಾಯಿದೆಯು ಹುಡುಗಿಯ ಲಗ್ನಕ್ಕೆ 14 ವರ್ಷಗಳ ಮಿತಿಯನ್ನು ಹಾಕಿತು. 1978ರ ತಿದ್ದುಪಡಿಯು ಅದನ್ನು 18ಕ್ಕೆ ಏರಿಸಿತು. 2006ರಲ್ಲಿ ಬಾಲ್ಯವಿವಾಹವನ್ನು ನಿಷೇಧಿಸುವ ಹೊಸ ಕಾಯಿದೆಯೇ ಬಂದಿತು. ಆದರೂ ಲಗ್ನದ ಮಾತುಕತೆ ನಡೆದಾಗ ಒಳಕೋಣೆಯಲ್ಲಿ ಕುಳಿತ ಹದಿನೈದು ವರ್ಷದ ಹುಡುಗಿಯು ತನಗೆ ಬೇಡವೆಂಬ ಮಾತನ್ನು ಯಾರ ಮುಂದೆ ಹೇಳಬೇಕು? ತಾಯಿಯ ಮುಂದೆ ಹೇಳಿದರೆ ತಾಯಿಯೂ ಅದೇ ಒಳಕೋಣೆಯವಳು. ಕಾಯಿದೆಯು ತಾಲೂಕಿನ ಊರಲ್ಲಿ ಇರುವದು. ಆ ಹುಡುಗಿಗೆ ಮೂರು ಓಣಿ ದಾಟಿ ಹೋಗಿ ಮಾತಾಡುವ ಒಂದು ಮನೆಯೇ ಇಲ್ಲ.

ಹೀಗೆ ಹೆಂಗಸರು ದಿನಾಲು ಮನೆಯ ಹೊರಗೆ ಬಂದು ನಿರ್ಭಯವಾಗಿ ಕೂಡ್ರುವ ಸ್ಥಳವು ಹೇಗಿರುವದೆಂಬದಕ್ಕೆ ಒಂದು ಉದಾಹರಣೆಯು ಹುಬ್ಬಳ್ಳಿಯ ಬೆಂಗೇರಿಯಲ್ಲಿಯೇ ಇರುವದು. ಒಂದು ಕಾಲಕ್ಕೆ ಬೇರೆ ಹಳ್ಳಿಯಾಗಿದ್ದ ಬೆಂಗೇರಿಯನ್ನು ಬೆಳೆಯುತ್ತ ಬಂದ ಹುಬ್ಬಳ್ಳಿಯು ತನ್ನೊಳಗೆ ಸೇರಿಸಿಕೊಂಡಿತು. ಕನ್ನಡ ನಾಡು ಒಂದಾದ ಸರಿಯಾಗಿ ಒಂದು ವರ್ಷಕ್ಕೆ, ಎಂದರೆ 1957ರ ನವೆಂಬರ ಒಂದರಂದು, ವೆಂಕಟೇಶ ಮಾಗಡಿಯವರೇ ಮೊದಲಾದ ಗಾಂಧೀಮಾರ್ಗದ ಹಿರಿಯರು ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವನ್ನು ಸ್ಥಾಪಿಸಿದರು. ಅದರ ವಿಶಾಲವಾದ ಆವರಣವು ಬೆಂಗೇರಿಯಲ್ಲಿದೆ. 2004ರಲ್ಲಿ ಅಲ್ಲಿ ರಾಷ್ಟ್ರಧ್ವಜವನ್ನು ತಯಾರಿಸುವ ವಿಭಾಗವು ಆರಂಭವಾಗಿ, ಮಾನಕ ಸಂಸ್ಥೆಯ ಮುದ್ರೆಯನ್ನು ಪಡೆದು, ಬಹುಕಾಲದ ವರೆಗೆ ಇಡೀ ದೇಶದಲ್ಲಿ ಅಂಥ ಮುದ್ರೆಯುಳ್ಳ ಏಕಮಾತ್ರ ಸಂಸ್ಥೆಯೆಂಬ ಕೀರ್ತಿಯನ್ನು ತಂದಿತು. ಬಾಗಲಕೋಟೆಯ ಕಡೆಯ ತುಳಸಿಗೇರಿಯಿಂದ ಕೈಮಗ್ಗದ ಅರಿವೆ ಬರುವದು. ಬೆಂಗೇರಿಯಲ್ಲಿ ಅದಕ್ಕೆ ಬಣ್ಣ ಹಾಕುವರು, ಅಳತೆಗೆ ಕತ್ತರಿಸುವರು, ಬಿಳಿಯ ಪಟ್ಟಿಯ ಎರಡೂ ಮಗ್ಗಲಿಗೆ ಒಂದರ ಬೆನ್ನಿಗೆ ಒಂದು ಸರಿಯಾಗಿ ಕೂಡುವಂತೆ 24 ಅರೆಗಳ ಚಕ್ರವನ್ನು ಅಚ್ಚೊತ್ತುವರು, ಮೂರು ಪಟ್ಟಿಗಳನ್ನು ಕೂಡಿಸಿ ಹೊಲಿಯುವರು, ಹಗ್ಗವನ್ನೂ ಗೂಟವನ್ನೂ ಪೋಣಿಸುವರು. ಮೇಜಿನ ಮೇಲಿಡುವ ಆರು ಇಂಚಿನದರಿಂದ ಹಿಡಿದು 21 ಅಡಿ ಉದ್ದದ ವರೆಗೆ ಒಂಬತ್ತು ಅಳತೆಗಳು. ಯಾವ ಅಳತೆಯದಾದರೂ ಉದ್ದ ಅಗಲಗಳು ಮೂರಕ್ಕೆ ಎರಡರಂತೆಯೇ ಇರಬೇಕು. ಬಣ್ಣದಲ್ಲಾಗಲಿ ನೂಲಿನ ಎಣಿಕೆಯಲ್ಲಾಗಲಿ ಹೊಲಿಗೆಯಲ್ಲಾಗಲಿ ತಪ್ಪಿದ್ದರೆ ಆ ಧ್ವಜವು ಹೊರಗೆ ಹೋಗುವಂತಿಲ್ಲ.

ಈ ಕೆಲಸವನ್ನು ಮಾಡುವವರಲ್ಲಿ ಬಹುಜನರು ಹೆಂಗಸರು. ಆ ಸಾಲುಸಾಲು ಹೊಲಿಗೆಯಂತ್ರಗಳ ಶೆಡ್ಡನ್ನು ಕೇವಲ ಕಾರಖಾನೆಯೆಂದು ನೋಡುವವರು ಅದರ ಅರ್ಧವನ್ನೇ ನೋಡಿದಂತೆ. ಹೊತ್ತಿಗೆ ಸರಿಯಾಗಿ ಬರುವದು, ಹೊತ್ತಿಗೆ ಸರಿಯಾಗಿ ಹೋಗುವದು. ಎಲ್ಲಿಗೆ ಹೋಗಿದ್ದೆ ಎಂಬದಕ್ಕೆ ಯಾರೂ ಬೆರಳು ಮಾಡಲಾರದ ಉತ್ತರವಿರುವದು. ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಒಬ್ಬಳ ಪಲ್ಲೆ ಇನ್ನೊಬ್ಬಳ ರೊಟ್ಟಿಯ ಮೇಲೆ ಬೀಳುವದು. ಮುಖ ಬಾಡಿದ್ದರೆ ‘ಯಾಕವ್ವಾ, ಏನಾತು?’ ಎಂದು ಕೇಳುವ ಹಿರಿಯಳೊಬ್ಬಳು ಪಕ್ಕದ ಯಂತ್ರದಲ್ಲಿ ಇರುವದು. ಇಂಥವು ಕೂಲಿಯ ಲೆಕ್ಕದ ಪುಸ್ತಕದಲ್ಲಿ ಬರುವದಿಲ್ಲ. ಖಾದಿಯ ಕೂಲಿಯು ಹೆಚ್ಚಿನದೇನೂ ಅಲ್ಲ. ಆದರೂ ಹೆಂಗಸರು ಅದನ್ನು ಹಿಡಿದು ನಿಂತಿರುವದಕ್ಕೆ ಕೂಲಿಯೊಂದೇ ಕಾರಣವೆಂದು ತಿಳಿಯುವದು ಅವರನ್ನು ಕಡಿಮೆಯಾಗಿ ಎಣಿಸಿದಂತೆ.

ಹಾಗಾದರೂ ಬೆಂಗೇರಿಯ ಉದಾಹರಣೆಯಲ್ಲಿ ಎರಡು ಕೊರತೆಗಳುಂಟು. ಆ ನೆಲೆಯು ಕೆಲಸದ ಮೇಲೆ ನಿಂತದ್ದು. ಕೆಲಸ ಸರಿದರೆ ನೆಲೆಯೂ ಸರಿಯುವದು. 2021ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರವು ಧ್ವಜಸಂಹಿತೆಯನ್ನು ತಿದ್ದಿ, ಯಂತ್ರದಲ್ಲಿ ನೆಯ್ದ ಪಾಲಿಯೆಸ್ಟರ್ ಧ್ವಜಕ್ಕೂ ಒಪ್ಪಿಗೆಯನ್ನು ಕೊಟ್ಟಿತು. ಮರುವರ್ಷ ಮನೆಮನೆಯ ಮೇಲೂ ಧ್ವಜ ಏರಿತು. ಆದರೆ ಖಾದಿಯ ಧ್ವಜಕ್ಕೆ ಬೇಡಿಕೆ ಇಳಿದು, ಬೆಂಗೇರಿಯವರು ಆ ತಿದ್ದುಪಡಿಯ ವಿರುದ್ಧ ದನಿಯೆತ್ತಬೇಕಾಯಿತು. ದಿಲ್ಲಿಯಲ್ಲಿ ಬರೆದ ಒಂದು ಸಾಲಿಗೆ ಹುಬ್ಬಳ್ಳಿಯಲ್ಲಿ ಹೊಲಿಗೆಯ ಯಂತ್ರಗಳು ನಿಲ್ಲುವಂತಿದ್ದರೆ ಅದನ್ನು ಗಟ್ಟಿಯಾದ ನೆಲೆಯೆನ್ನುವದು ಕಷ್ಟ. ಎರಡನೆಯದು ಇನ್ನೂ ಮುಖ್ಯವಾದದ್ದು. ಅದು ದುಡಿಯುವ ವಯಸ್ಸಿನವರ ತಾವು. ಹದಿಮೂರರ ಹುಡುಗಿಗೆ ಅಲ್ಲಿ ಕೆಲಸವಿಲ್ಲ, ಇರಲೂಬಾರದು. ಹಾಗಾದರೆ ದುಡಿಮೆಯ ನೆವವಿಲ್ಲದೆ ಆಕೆಗೆ ಒಂದು ತಾವನ್ನು ಕಟ್ಟಿಕೊಡಲು ಬಂದೀತೇ?

ಬಂದೀತೆಂಬದನ್ನು ಈ ನಾಡಿನ ಬಡ ಹೆಂಗಸರೇ ತೋರಿಸಿದರು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯಿಂದ ಹುಟ್ಟಿದ ಮಹಿಳಾ ಸಮಾಖ್ಯಾ ಎಂಬ ಕಾರ್ಯಕ್ರಮವು 1989ರಲ್ಲಿ ಕರ್ನಾಟಕಕ್ಕೆ ಬಂದು, ಮೊದಲು ಬೀದರ, ವಿಜಾಪುರ, ಮೈಸೂರು ಜಿಲ್ಲೆಗಳಲ್ಲಿ ಬೇರೂರಿತು. ಹತ್ತರಷ್ಟು ಹಳ್ಳಿಗಳಿಗೊಬ್ಬ ಸಹಯೋಗಿನಿ. ಆಕೆಯು ಊರಿಗೆ ಬಂದು ಹೆಂಗಸರನ್ನು, ಅವರಲ್ಲಿಯೂ ಬಹುತರವಾಗಿ ದಲಿತರ ಓಣಿಯ ಕೂಲಿಕಾರ ಹೆಂಗಸರನ್ನು, ರಾತ್ರಿಯ ಊಟವಾದ ಮೇಲೆ ಕೂಡಿಸುತ್ತಿದ್ದಳು. ಸಾಲ ಕೊಡುವ ಆಸೆಯಿಲ್ಲ, ಸೀರೆ ಹಂಚುವ ಆಸೆಯಿಲ್ಲ. ಸುಮ್ಮನೆ ಕೂಡಿ ಮಾತಾಡುವದೆಂದರೆ ಏನೆಂದು ಮೊದಮೊದಲು ಗಂಡಸರು ನಕ್ಕರು, ಅನಂತರ ಸಂಶಯಪಟ್ಟರು. ಕೂಡ್ರಲಿಕ್ಕೆ ಸ್ಥಳವೆಲ್ಲಿ ಎಂಬ ಪ್ರಶ್ನೆ ಬಂದಿತು. ಗುಡಿಯ ಕಟ್ಟೆಯು ಅವರ ಪಾಲಿನದಲ್ಲ, ಚಾವಡಿಯು ಗೌಡರದು. ಆಗ ಹುಟ್ಟಿದ ವಿಚಾರವೇ ‘ಸಂಘದ ಮನೆ’. ಕಟ್ಟಲಿಕ್ಕೆ ಹಣವು ಕಾರ್ಯಕ್ರಮದಿಂದ ಬರುವದು. ಜಾಗವನ್ನು ಮಾತ್ರ ಹೆಂಗಸರೇ ದೊರಕಿಸಬೇಕು, ಅದು ಸಂಘದ ಹೆಸರಿಗೇ ಆಗಬೇಕು.

ಈ ಕರಾರನ್ನು ಹಾಕಿದವರು ಬಹಳ ತಿಳಿದವರು. ಒಂದು ತುಂಡು ಜಾಗಕ್ಕಾಗಿ ಪಂಚಾಯತಿಯ ಮುಂದೆ ನಿಲ್ಲುವದು, ಇಲ್ಲವೆಂದವರ ಮನೆಗೆ ಮತ್ತೆ ಹೋಗುವದು, ತಹಶೀಲದಾರರ ಕಚೇರಿಯ ಮೆಟ್ಟಿಲು ಹತ್ತುವದು, ಉತಾರವೆಂದರೇನೆಂದು ತಿಳಿಯುವದು, ಅರ್ಜಿಗೆ ಹೆಬ್ಬೆಟ್ಟಿನ ಬದಲು ಸಹಿ ಹಾಕುವದು, ಇವೆಲ್ಲ ಮನೆ ಏಳುವದಕ್ಕಿಂತ ಮೊದಲೇ ಆ ಹೆಂಗಸರಿಗೆ ಆದ ಶಿಕ್ಷಣ. ಆಮೇಲೆ ಆ ಸಣ್ಣ ಮನೆಯಲ್ಲಿ ಅಕ್ಷರ ಕಲಿತರು. ಕುಡಿದು ಬಂದು ಹೊಡೆಯುವ ಗಂಡನ ಮಾತು, ಕೂಲಿಯ ಮಾತು, ಮಗಳ ಲಗ್ನದ ಮಾತು ಅಲ್ಲಿಯೇ ಆದವು. ತಾಯಂದಿರು ಕೂಡ್ರುವ ತಾವು ಗಟ್ಟಿಯಾದ ಮೇಲೆ ಮಕ್ಕಳ ಸರದಿ ಬಂದಿತು: ಕಿಶೋರಿಯರ ಗುಂಪುಗಳಾದವು, ಸಾಲೆ ಬಿಟ್ಟ ಹುಡುಗಿಯರು ವಸತಿಯಿದ್ದು ಕಲಿಯುವ ಮಹಿಳಾ ಶಿಕ್ಷಣ ಕೇಂದ್ರಗಳಾದವು. ತಾಯಿಯು ಒಮ್ಮೆ ಹೊಸ್ತಿಲು ದಾಟಿ ಕುಳಿತು ಎದ್ದು ಬಂದ ಸ್ಥಳಕ್ಕೆ ಮಗಳನ್ನು ಕಳಿಸಲು ತಂದೆಗೂ ಹೆದರಿಕೆಯಾಗುವದಿಲ್ಲ.

2016ರಲ್ಲಿ ಈ ಕಾರ್ಯಕ್ರಮಕ್ಕೆ ಕೇಂದ್ರದ ನೆರವು ನಿಂತಿತು. ಅದರ ಜಾಗದಲ್ಲಿ ಸ್ವಸಹಾಯ ಸಂಘಗಳಿವೆಯಲ್ಲ ಎಂದು ಕೇಳುವವರುಂಟು. ಅವು ಇವೆ, ಒಳ್ಳೆಯ ಕೆಲಸವನ್ನೂ ಮಾಡಿವೆ; ಸ್ತ್ರೀಶಕ್ತಿ ಸಂಘಗಳಿಂದ ಎಷ್ಟೋ ಮನೆಗಳಲ್ಲಿ ಬಡ್ಡಿಯ ಸಾವುಕಾರನ ಕಾಟ ತಪ್ಪಿದೆ. ಆದರೆ ವಾರದ ಕಂತನ್ನು ಎಣಿಸುವ ಕೂಟದಲ್ಲಿ ಕಂತು ಕಟ್ಟದವಳಿಗೆ ಜಾಗವಿಲ್ಲ, ಹಣವಿಲ್ಲದ ಹುಡುಗಿಗಂತೂ ಇಲ್ಲವೇ ಇಲ್ಲ. ಉಳಿತಾಯದ ಸಂಘವನ್ನು ಹುಡುಗಿಯರ ನೆಲೆಯೆಂದು ಎಣಿಸುವದೆಂದರೆ ಸಂತೆಯನ್ನು ಸಾಲೆಯೆಂದು ಎಣಿಸಿದಂತೆ.

ಹುಡುಗಿಯರಿಗಾಗಿಯೇ ತಾವು ಕಟ್ಟುವ ಪ್ರಯತ್ನವು ಈ ದಿನಗಳಲ್ಲಿ ಹೆಚ್ಚಾಗಿ ನಡೆದದ್ದು ಆಫ್ರಿಕ ಖಂಡದ ಹಳ್ಳಿಗಳಲ್ಲಿ. ಅಲ್ಲಿಯ ಕಷ್ಟಗಳು ಇಲ್ಲಿಯವರಿಗೆ ಅಪರಿಚಿತವಾದವುಗಳಲ್ಲ: ನೀರಿನ ಕೊಡ, ದೂರದ ಸಾಲೆ, ಎಳೆಯ ವಯಸ್ಸಿನ ಲಗ್ನ. ಇಥಿಯೋಪಿಯದ ಅಮ್ಹಾರ ಪ್ರಾಂತದಲ್ಲಿ 2004ರಲ್ಲಿ ‘ಬೆರ್ಹಾನೆ ಹೆವಾನ್’ ಎಂಬ ಕಾರ್ಯವು ಆರಂಭವಾಯಿತು. ಆ ಹೆಸರಿಗೆ ಅವರ ಮಾತಿನಲ್ಲಿ ‘ಹವ್ವಳಿಗೆ ಬೆಳಕು’ ಎಂದರ್ಥ. ಹವ್ವಳೆಂದರೆ ಕ್ರಿಸ್ತರ ಪುರಾಣದ ಮೊದಲ ಹೆಣ್ಣು. ಹುಡುಗಿಯರು ಊರಿನಲ್ಲಿಯೇ ಒಬ್ಬ ಹಿರಿಯ ಹೆಂಗಸಿನ ಆಶ್ರಯದಲ್ಲಿ ಗುಂಪಾಗಿ ಕೂಡುವರು. ಸಾಲೆಗೆ ಹೋಗುವವರಿಗೆ ಪುಸ್ತಕ ಪಾಟಿ ದೊರೆಯುವವು, ಹೋಗದವರಿಗೆ ಅಲ್ಲಿಯೇ ಓದುಬರಹ. ಎರಡು ವರ್ಷಗಳ ವರೆಗೆ ಮಗಳ ಲಗ್ನ ಮಾಡದೆ ಅವಳನ್ನು ಕೂಟಕ್ಕೆ ಕಳಿಸಿದ ಮನೆಗೆ ಕೊನೆಯಲ್ಲಿ ಒಂದು ಕುರಿಯನ್ನು ಕೊಡುವರು. ಕುರಿಯ ಮಾತಿಗೆ ಪೇಟೆಯ ಓದುಗರು ನಕ್ಕಾರು. ಮಗಳ ಲಗ್ನವನ್ನು ಬಡವನು ಅವಸರದಿಂದ ಮಾಡುವದು ಮಗಳ ಮೇಲಿನ ಸಿಟ್ಟಿನಿಂದಲ್ಲ, ಮನೆಯ ಹಿಡಿ ಹಿಟ್ಟಿನ ಲೆಕ್ಕದಿಂದ ಎಂಬದನ್ನು ಬಲ್ಲವರು ನಗಲಾರರು. ಆ ಹಳ್ಳಿಗಳಲ್ಲಿ ಹತ್ತರಿಂದ ಹದಿನಾಲ್ಕು ವರ್ಷದ ಹುಡುಗಿಯರು ಸಾಲೆಯಲ್ಲಿ ಉಳಿದದ್ದೂ, ಲಗ್ನಗಳು ಮುಂದಕ್ಕೆ ಹೋದದ್ದೂ ಪರೀಕ್ಷಿಸಿದವರ ಕಣ್ಣಿಗೆ ಬಿದ್ದಿತು.

ಯುಗಾಂಡದಲ್ಲಿ ಬಾಂಗ್ಲಾದೇಶದ ಬ್ರ್ಯಾಕ್ ಸಂಸ್ಥೆಯವರು ಹುಡುಗಿಯರಿಗಾಗಿ ಸಂಜೆಯ ಮುಂದೆ ತೆರೆಯುವ ಕೂಟದ ಮನೆಗಳನ್ನು ನಡೆಸಿದರು. ಅಲ್ಲಿ ಆಟವೂ ಉಂಟು, ಕಸುಬಿನ ಕಲಿಕೆಯೂ ಉಂಟು, ಮೈಯ ವಿಷಯವಾಗಿ ತಾಯಿಯು ಹೇಳಲಾರದ ಮಾತುಗಳನ್ನು ಹೇಳುವ ಅಕ್ಕಂದಿರೂ ಉಂಟು. ಸಿಯೆರಾ ಲಿಯೋನಿನಲ್ಲಿ ಅಂಥ ಮನೆಗಳನ್ನು ತೆರೆಯುವ ಹೊತ್ತಿಗೇ, 2014ರಲ್ಲಿ, ಎಬೋಲಾ ಎಂಬ ಮಾರಿಬೇನೆ ಎರಗಿ ಸಾಲೆಗಳೆಲ್ಲ ಮುಚ್ಚಿದವು. ಬೇನೆಯ ಕಾಟ ಹೆಚ್ಚಾಗಿದ್ದ ಹಳ್ಳಿಗಳಲ್ಲಿ ಎಳೆಯ ಹುಡುಗಿಯರು ಲಗ್ನವಿಲ್ಲದೆ ಬಸುರಾದರು, ಸಾಲೆ ತೆರೆದ ಮೇಲೆ ಮರಳಿ ಬರಲಿಲ್ಲ. ಕೂಟದ ಮನೆಯಿದ್ದ ಹಳ್ಳಿಗಳಲ್ಲಿ ಈ ಕೇಡು ಬಹುಮಟ್ಟಿಗೆ ತಪ್ಪಿತು. ಒಂದು ಕೋಣೆ, ಒಬ್ಬ ಅಕ್ಕ, ದಿನದ ಒಂದೆರಡು ತಾಸು. ಇಷ್ಟರಿಂದ ಎಷ್ಟು ಕಾಪಾಡಲು ಬರುವದೆಂಬದಕ್ಕೆ ಇದಕ್ಕಿಂತ ಕಠಿಣವಾದ ಪರೀಕ್ಷೆಯು ಬೇರೆ ಇರಲಾರದು. ಆದರೆ ಅದೇ ಕಾರ್ಯವನ್ನು ಟಾಂಜಾನಿಯದಲ್ಲಿ ಕೈ ಬಿಗಿಹಿಡಿದು, ಸಾಧನಗಳ ಕೊರತೆಯಲ್ಲಿ ನಡೆಸಿದಾಗ ಅಂಥ ಫಲವು ಕಾಣಲಿಲ್ಲ. ಹೆಸರು ಮಾತ್ರಕ್ಕೆ ಕೂಟವನ್ನು ತೆರೆದರೆ ಹುಡುಗಿಯರಿಗೆ ಅದು ಎರಡೇ ದಿನದಲ್ಲಿ ತಿಳಿಯುವದು.

ಇಲ್ಲಿಯೂ 2020ರಲ್ಲಿ ಕೋವಿಡ್ ಬೇನೆ ಬಂದು ಸಾಲೆಗಳು ಮುಚ್ಚಿದಾಗ, ‘ವಿದ್ಯಾಗಮ’ವೆಂದು ಶಿಕ್ಷಕರು ಗುಡಿಯ ಪೌಳಿಗಳಲ್ಲಿ, ಗಿಡದ ನೆರಳಿನಲ್ಲಿ, ಮಠಗಳ ಅಂಗಳದಲ್ಲಿ ಮಕ್ಕಳನ್ನು ಕೂಡಿಸಿ ಕೆಲವು ತಿಂಗಳು ಪಾಠ ಹೇಳಿದರು. ಬೇಕೆಂದಾಗ ಪೌಳಿಗಳು ತೆರೆಯುವವು ಎಂಬದು ಆಗ ಕಂಡುಬಂದಿತು.

ಮಠಗಳ ವಿಷಯವಾಗಿ ಈ ಸಂದರ್ಭದಲ್ಲಿ ಒಂದು ಮಾತನ್ನು ಹೇಳದೆ ಬಿಡುವದು ನ್ಯಾಯವಾಗದು. ಬಡವರ ಮಕ್ಕಳಿಗೆ ಅನ್ನವಿಕ್ಕಿ ಇರಲು ತಾವು ಕೊಟ್ಟು ಓದಿಸುವ ಕೆಲಸವನ್ನು ಮಠಗಳಷ್ಟು ದೊಡ್ಡದಾಗಿ ಮಾಡಿದವರು ಈ ನಾಡಿನಲ್ಲಿ ಕಡಿಮೆ. ಧಾರವಾಡದ ಮುರುಘಾಮಠದ ಉಚಿತ ಪ್ರಸಾದನಿಲಯದಲ್ಲಿ ಉಂಡು ಓದಿದವರು, ತುಮಕೂರಿನ ಸಮೀಪದ ಸಿದ್ಧಗಂಗೆಯಲ್ಲಿ ಉಂಡು ಓದಿದವರು ನಾಡಿನ ತುಂಬ ಇರುವರು. ಆದರೆ ಅವರಲ್ಲಿ ಬಹುತೇಕರು ಗಂಡುಮಕ್ಕಳು. ಹನ್ನೆರಡನೆಯ ಶತಮಾನದಲ್ಲಿ ಶರಣೆಯರು ಶರಣರ ಸಮಕ್ಕೆ ಕುಳಿತು ಮಾತಾಡಿದರೆಂದು, ಮೂವತ್ತಕ್ಕೂ ಹೆಚ್ಚು ಜನ ಹೆಂಗಸರು ವಚನಗಳನ್ನು ಬರೆದರೆಂದು ಉತ್ಸವಗಳಲ್ಲಿ ಹೇಳುವ ಜನವು, ಪ್ರಸಾದನಿಲಯವನ್ನು ಕಟ್ಟುವಾಗ ಅಕ್ಕನನ್ನು ಮೊದಲು ನೆನೆಯಲಿಲ್ಲ. ಅನೇಕ ಊರುಗಳ ಅಕ್ಕನ ಬಳಗಗಳು ಈ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬಿದವು. ಆದರೆ ಅವು ಹೆಚ್ಚಾಗಿ ಪಟ್ಟಣದ ಗೃಹಿಣಿಯರ ಬಳಗಗಳು. ಇದಕ್ಕೆ ಹೊರತಾದವರೂ ಹುಬ್ಬಳ್ಳಿಯಲ್ಲಿಯೇ ಆಗಿಹೋದರು. ಸರದಾರ ವೀರನಗೌಡ ಪಾಟೀಲರೂ ಅವರ ಧರ್ಮಪತ್ನಿ ನಾಗಮ್ಮ ಪಾಟೀಲರೂ, ಅಸ್ಪೃಶ್ಯರೆನಿಸಿಕೊಂಡವರ ಹೆಣ್ಣುಮಕ್ಕಳಿಗಾಗಿ ಬಾಲಿಕಾಶ್ರಮವನ್ನು ನಡೆಸಿದರು. ಸ್ವಂತದ ಜಾತಿಯವರ ಮಾತಿಗೆ ಅಂಜುವದಾಗಿದ್ದರೆ ಅದು ಆಗುವ ಕೆಲಸವಾಗಿರಲಿಲ್ಲ.

ಇಂದು ಹೊಸದಾಗಿ ಕಟ್ಟಬೇಕಾದದ್ದು ಬಹಳವಿಲ್ಲ. ಗ್ರಾಮ ಪಂಚಾಯತಿಗಳ ವಾಚನಾಲಯಗಳು ‘ಅರಿವು ಕೇಂದ್ರ’ವೆಂಬ ಹೆಸರಿನಿಂದ ತೆರೆದಿವೆ, ಮಕ್ಕಳಿಗೆ ಅಲ್ಲಿ ಸದಸ್ಯತ್ವಕ್ಕೆ ಹಣವಿಲ್ಲ. 2023ರ ಜೂನಿನಿಂದ ರಾಜ್ಯದ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ತಿಕೀಟಿನ ಹಣವೂ ಇಲ್ಲ. ಮಠಗಳಿಗೆ ಪೌಳಿಗಳಿವೆ, ಜಾತ್ರೆಯ ಎಂಟು ದಿನ ಬಿಟ್ಟರೆ ಬೀಗ ಹಾಕಿಯೇ ಇರುವ ಕೋಣೆಗಳಿವೆ, ದಾಸೋಹದ ಒಲೆಯಿದೆ. ಕೊರತೆಯಿರುವದು ಸಣ್ಣ ಸಣ್ಣ ಸಂಗತಿಗಳಲ್ಲಿ. ವಾಚನಾಲಯದ ಕಟ್ಟೆಯ ಮೇಲೆ ಹುಡುಗರು ಗುಂಪುಗಟ್ಟಿ ಕುಳಿತರೆ ಹುಡುಗಿಯು ಒಳಗೆ ಬರುವದಿಲ್ಲ. ಆದಕಾರಣ ವಾರದಲ್ಲಿ ಕೆಲವು ದಿನಗಳ ಸಂಜೆ ಹುಡುಗಿಯರಿಗೇ ಮೀಸಲಾಗಬೇಕು. ಕೋಣೆಗೆ ಒಳಗಿನಿಂದ ಹಾಕಿಕೊಳ್ಳುವ ಅಗುಳಿ ಬೇಕು, ಹತ್ತಿರದಲ್ಲಿ ಪಾಯಖಾನೆ ಬೇಕು, ನೀರು ಬೇಕು, ದೀಪ ಬೇಕು. ನೋಡಿಕೊಳ್ಳುವವಳು ಆ ಊರಿನವಳೇ ಆದ, ಸ್ವಲ್ಪ ಓದಿದ, ಹುಡುಗಿಯರು ಅಕ್ಕನೆಂದು ಕರೆಯಬಲ್ಲ ವಯಸ್ಸಿನವಳಿರಬೇಕು. ಆಕೆಯ ಕೆಲಸವನ್ನು ಪುಣ್ಯದ ಲೆಕ್ಕಕ್ಕೆ ಹಾಕದೆ ಆಕೆಗೆ ತಿಂಗಳಿಗೆ ಸಂಬಳ ಕೊಡಬೇಕು. ಕೈಗೆ ಒಂದು ಕೆಲಸವಿದ್ದರೆ ಮಾತು ತಾನಾಗಿಯೇ ಬರುವದು. ಹೊಲಿಗೆಯ ಯಂತ್ರವಾಗಲಿ, ಕೌದಿಯಾಗಲಿ, ಕಂಪ್ಯೂಟರಾಗಲಿ, ಹುಡುಗಿಯರು ಕೇಳಿದ್ದು ಇರಲಿ. ಅಲ್ಲಿ ಜಾತಿಯನ್ನು ಕೇಳಬಾರದು; ಕೇರಿಯ ಹುಡುಗಿಗೆ ಬಾಗಿಲ ಹೊರಗೆ ಚಾಪೆ ಹಾಸುವದಾದರೆ ಬಾಗಿಲನ್ನು ತೆರೆಯದಿರುವದೇ ಲೇಸು.

ಸಂಜೆ ಐದಕ್ಕೆ ತೆರೆದ ಬಾಗಿಲನ್ನು ಏಳಕ್ಕೆ ಮುಚ್ಚಿದ ಮೇಲೆ, ದೂರದ ಓಣಿಯ ಹುಡುಗಿಯರನ್ನು ಅವರವರ ಮನೆಯ ಬಾಗಿಲಿಗೆ ಮುಟ್ಟಿಸಿ ಬರುವವರು ಯಾರೆಂಬದನ್ನು ಮೊದಲೇ ಗೊತ್ತುಮಾಡಿರಬೇಕು. ಕೋಣೆಯ ಕೀಲಿಕೈ ಎರಡಿರಲಿ: ಒಂದು ಆ ಅಕ್ಕನಲ್ಲಿ, ಇನ್ನೊಂದು ಹುಡುಗಿಯರೇ ತಮ್ಮೊಳಗೆ ಆರಿಸಿದ ಒಬ್ಬಳಲ್ಲಿ.